ಒಂದು ‘ಎಚ್’ ಅಕ್ಷರ ಮತ್ತು 1,44,000 ರೂಪಾಯಿ: ಮಗಳ ಕಾಲೇಜಿನ ಕಾಗದಪತ್ರ ಗೆದ್ದ ನನ್ನ ಅನುಭವ

ನಾನು ಸೈನ್ಯದಲ್ಲಿ 24 ವರ್ಷ ಸೇವೆ ಸಲ್ಲಿಸಿ 2016ರಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ನನ್ನ ಕಿರಿಯ ಮಗಳು ಮಾಜಿ ಸೈನಿಕರ ಮಕ್ಕಳ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಪಡೆದು, ವೃತ್ತಿಪರ ಕೋರ್ಸು ಓದುವ ಮಾಜಿ ಸೈನಿಕರ ಮಕ್ಕಳಿಗೆ ಕೊಡುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನವನ್ನು ನಾಲ್ಕೂ ವರ್ಷ ಒಂದು ಕಂತೂ ತಪ್ಪದೆ ತೆಗೆದುಕೊಂಡಳು. ಕ್ಯಾಂಟೀನಿನ ಸಾಲಿನಲ್ಲಿ ನಿಂತು “ಅದೆಲ್ಲ ಆಫೀಸರರ ಮಕ್ಕಳಿಗೆ ಮಾಡಿದ್ದು, ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ” ಎಂದು ನಕ್ಕ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯುದ್ಧದಲ್ಲಿ ಮಡಿದವರು, ಗಾಯಗೊಂಡವರು, ಶೌರ್ಯ ಪದಕ ಪಡೆದವರು ಮುಂತಾದವರ ಕುಟುಂಬಗಳ ನಂತರ ಈ ವಿದ್ಯಾರ್ಥಿವೇತನದ ಆದ್ಯತಾ ಪಟ್ಟಿಯಲ್ಲಿ ಬರುವ ಆರನೆಯ ವರ್ಗ ಆಫೀಸರ್ ದರ್ಜೆಗಿಂತ ಕೆಳಗಿನವರಿಗೇ ಮೀಸಲು ಎಂಬುದನ್ನು ನಕ್ಕವರಲ್ಲಿ ಒಬ್ಬರೂ ಓದಿರಲಿಲ್ಲ.

ಗೆಲುವಿಗಿಂತ ಮೊದಲು ಸೋಲನ್ನು ಹೇಳಬೇಕು. ಹಿರಿಯ ಮಗಳು 2018ರಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಸೇರಿದಾಗ ಅಂಕಗಳಿದ್ದವು, ಕೋರ್ಸೂ ವಿದ್ಯಾರ್ಥಿವೇತನದ ಪಟ್ಟಿಯಲ್ಲಿತ್ತು, ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಕೈಯಲ್ಲಿತ್ತು, ಆದ್ದರಿಂದ ನಿಶ್ಚಿಂತನಾಗಿದ್ದೆ. ಆದರೆ ನನ್ನ ಸೇವಾ ದಾಖಲೆಯಲ್ಲಿ, ಅಂದರೆ ಕುಟುಂಬದ ವಿವರಗಳನ್ನು ದಾಖಲಿಸುವ ಪಾರ್ಟ್ ಟು ಆರ್ಡರಿನಲ್ಲಿ, ಮಗಳ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದಾದರೆ ಅಂಕಪಟ್ಟಿಯಲ್ಲಿ ಇನ್ನೊಂದಾಗಿತ್ತು. ನಾವು ದಕ್ಷಿಣದವರು ‘ತ’ ಅಕ್ಷರಕ್ಕೆ ಟಿ ಜೊತೆಗೆ ಎಚ್ ಸೇರಿಸಿ ಬರೆಯುತ್ತೇವೆ. ಉತ್ತರ ಭಾರತದ ಗುಮಾಸ್ತ ತನ್ನ ರೂಢಿಯಂತೆ ಬರಿಯ ಟಿ ಬರೆದು, ಇನಿಷಿಯಲ್ ಇರಬೇಕಾದ ಕಡೆ ನನ್ನ ಹೆಸರನ್ನೇ ಉಪನಾಮವಾಗಿ ಅಂಟಿಸಿದ್ದ. ಹದಿನೆಂಟು ವರ್ಷ ಆ ಸಾಲನ್ನು ನಾನು ಕಣ್ಣೆತ್ತಿ ನೋಡಿರಲಿಲ್ಲ. ತಿದ್ದುಪಡಿಗೆ ಓಡಾಡುತ್ತಿರುವಾಗಲೇ ಅರ್ಜಿಯ ಕೊನೆಯ ದಿನ ಕಳೆದುಹೋಯಿತು. ಈ ವಿದ್ಯಾರ್ಥಿವೇತನಕ್ಕೆ ಮೊದಲ ವರ್ಷದಲ್ಲಿ ಮಾತ್ರ ಅರ್ಜಿ ಹಾಕಲು ಸಾಧ್ಯವಿರುವುದರಿಂದ ಮುಂದಿನ ವರ್ಷ ನೋಡೋಣ ಎಂಬ ಮಾತೇ ಇಲ್ಲ. ಆಗ ಹೆಣ್ಣುಮಕ್ಕಳಿಗೆ ತಿಂಗಳಿಗೆ 2,250 ರೂಪಾಯಿ ಇತ್ತು, 2019-20ರಿಂದ ಅದು 3,000 ಆಯಿತು. ಒಂದು ಅಕ್ಷರಕ್ಕಾಗಿ ನಾನು ಕಳೆದುಕೊಂಡದ್ದು ಲಕ್ಷಕ್ಕೆ ಕಡಿಮೆಯಿಲ್ಲ. ಆ ವರ್ಷ ಹೆಂಡತಿ ನನ್ನೊಡನೆ ಮಾತಾಡಿದ್ದೂ ಕಡಿಮೆ.

ಅಳಿದುಳಿದದ್ದನ್ನಾದರೂ ಎತ್ತಿಕೊಳ್ಳೋಣವೆಂದು ಹಿರಿಯಳಿಗೆ ರಕ್ಷಾ ಮಂತ್ರಿ ಮಾಜಿ ಸೈನಿಕರ ಕಲ್ಯಾಣ ನಿಧಿಯ ಶಿಕ್ಷಣ ಅನುದಾನಕ್ಕೆ ಅರ್ಜಿ ಹಾಕಿದೆ. ಅದು ಹವಾಲ್ದಾರ್ ದರ್ಜೆಯವರೆಗೆ, ಇಬ್ಬರು ಮಕ್ಕಳಿಗೆ, ಪದವಿಯವರೆಗೆ ಸಿಗುತ್ತದೆ. ಆಗ ತಿಂಗಳಿಗೆ 1,000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ 2,000 ಆಗಿದೆ. ಎರಡು ವರ್ಷದ್ದು ಬಂತು, ಮೂರನೆಯ ವರ್ಷದ್ದನ್ನು ನಾನೇ ಅಂಕಪಟ್ಟಿ ತಡಮಾಡಿ ಕೆಡಿಸಿಕೊಂಡೆ. ನನ್ನ ಜೊತೆಗೇ ಸೈನ್ಯ ಸೇರಿದ ಗೆಳೆಯನೊಬ್ಬ ಹವಾಲ್ದಾರನಿಗಿಂತ ಒಂದು ದರ್ಜೆ ಮೇಲಿನ ನಾಯಬ್ ಸುಬೇದಾರನಾಗಿ ನಿವೃತ್ತನಾದ ಕಾರಣಕ್ಕೆ ಇದು ಅವನಿಗೆ ದಕ್ಕಲಿಲ್ಲ. ಬಡ್ತಿ ಸಿಗಲಿಲ್ಲವೆಂದು ನಾನು ಕೊರಗಿದ್ದ ದಿನಗಳು ಆಗ ನೆನಪಾದವು.

ಕಿರಿಯವಳ ವಿಷಯದಲ್ಲಿ 2020ರಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ವಾರವೇ ಕೆಲಸ ಆರಂಭಿಸಿದೆ. ಇನ್ನೂ ಪಿಯುಸಿಗೇ ಸೇರದ ಹುಡುಗಿಗೆ ಕಾಲೇಜಿನ ವಿದ್ಯಾರ್ಥಿವೇತನದ ಚಿಂತೆ ಏಕೆಂದು ಊರಿನವರು ಕೇಳಿದರು. ಅವಳ ಹೆಸರಿನಲ್ಲಿಯೂ ಅದೇ ಎಚ್ ಕಾಣೆಯಾಗಿತ್ತು. ನೋಟರಿಯಿಂದ ಮಾಡಿಸಿದ ಮೊದಲ ಅಫಿಡವಿಟ್ಟನ್ನು, ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸು ನಾಲ್ಕು ತಿಂಗಳ ನಂತರ, ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿದ್ದೇ ಬೇಕೆಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಹಿಂದಿರುಗಿಸಿತು. ಎರಡನೆಯದರ ಜೊತೆಗೆ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಅದಕ್ಕೇ ಮೂರೂವರೆ ಸಾವಿರದಷ್ಟು ಹೋಯಿತು. ಅಂಕಪಟ್ಟಿಯನ್ನೇ ಸೇವಾ ದಾಖಲೆಗೆ ಹೊಂದಿಸಿ ತಿದ್ದಿಸುವ ದಾರಿಯನ್ನೂ ಒಮ್ಮೆ ಪ್ರಯತ್ನಿಸಿ ನೋಡಿದೆ. ಅದು ಮೂರ್ಖತನ, ಆಧಾರ್, ಬ್ಯಾಂಕ್ ಖಾತೆ, ಪ್ಯಾನ್ ಎಲ್ಲವೂ ಅದರ ಬೆನ್ನಿಗೇ ಬದಲಾಗಬೇಕಾಗುತ್ತದೆ. ಸೇವಾ ದಾಖಲೆಯನ್ನು ಅಂಕಪಟ್ಟಿಗೆ ತರಬೇಕೇ ಹೊರತು ಅಂಕಪಟ್ಟಿಯನ್ನು ಸೇವಾ ದಾಖಲೆಗಲ್ಲ. ಎರಡನೆಯ ಸಲ ಕಳಿಸಿದ ಕಾಗದಕ್ಕೆ ಇಪ್ಪತ್ತೇ ದಿನಗಳಲ್ಲಿ ಉತ್ತರ ಬಂದದ್ದು ಹೇಗೆಂದು ಹಲವರು ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಲಂಚವಲ್ಲ, ಲಕೋಟೆಯ ಮೇಲಿನ ವಿಳಾಸದ ವಿಷಯ ಎಂದಷ್ಟೇ ಹೇಳುತ್ತೇನೆ.

ಸೀಟಿನ ವಿಷಯದಲ್ಲಿ ಇನ್ನೊಂದು ಗುಂಡಿ ಇತ್ತು. ಮಕ್ಕಳು ನನ್ನ ಪೋಸ್ಟಿಂಗ್‌ಗಳ ಹಿಂದೆ ಸುತ್ತಿ, ಊರಿಗೆ ಬಂದಾಗ ಕಿರಿಯವಳು ಏಳನೆಯ ತರಗತಿಗೆ ಸೇರಿದಳು. ಸಿಇಟಿಗೆ ಸಾಮಾನ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಏಳು ವರ್ಷದ ವ್ಯಾಸಂಗ, ಅವಳದು ಆರಾಗಿತ್ತು. ಸೈಬರ್ ಕೇಂದ್ರದ ಹುಡುಗ ಅರ್ಜಿಯೇ ನಿಲ್ಲುವುದಿಲ್ಲವೆಂದು ಕೈಚೆಲ್ಲಿದ. ಆದರೆ ಸೇನೆಗೆ ಸೇರುವಾಗ ತನ್ನ ಸ್ವಂತ ಊರು ಕರ್ನಾಟಕದಲ್ಲಿದೆ ಎಂದು ಘೋಷಿಸಿದವನ ಮಕ್ಕಳಿಗೆ ಬೇರೆಯೇ ಒಂದು ಅರ್ಹತಾ ಕಲಮು ಇದೆ. ಅದಕ್ಕೆ ರೆಕಾರ್ಡ್ ಆಫೀಸಿನಿಂದ, ಭರ್ತಿಯ ದಿನ ಬರೆಸಿದ ವಿಳಾಸದ ದೃಢೀಕೃತ ಪ್ರತಿ ಬೇಕು. ಹೆಸರು ತಿದ್ದಿಸುವ ಅರ್ಜಿಯೊಂದಿಗೇ ಅದನ್ನೂ ಕೇಳಿ ತರಿಸಿಟ್ಟುಕೊಂಡಿದ್ದೆ. ಈ ಒಂದು ಮುಂದಾಲೋಚನೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೇನೆ. ಮಾಜಿ ಸೈನಿಕರ ಕೋಟಾವನ್ನು ಆನ್‌ಲೈನ್ ಅರ್ಜಿಯಲ್ಲಿಯೇ ಗುರುತಿಸಿ, ಸೈನಿಕ ಕಲ್ಯಾಣ ಇಲಾಖೆಯ ಪ್ರಮಾಣಪತ್ರದೊಡನೆ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರಕ್ಕೆ ಮೂಲ ದಾಖಲೆಗಳನ್ನು ಒಯ್ದು ತೋರಿಸಿದೆವು. ಸುಮಾರು ಇಪ್ಪತ್ತು ಸಾವಿರದ ಆಚೀಚಿನ ರ‍್ಯಾಂಕಿಗೆ, ಸಾಮಾನ್ಯ ವರ್ಗದಲ್ಲಿ ಅವಳ ಕನಸಿಗೂ ಬರದ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಸಿಕ್ಕಿತು. ವರ್ಷದ ಶುಲ್ಕ ಲಕ್ಷದ ಹತ್ತಿರ. ಅದೇ ಸೀಟಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ದಲ್ಲಾಳಿಯೊಬ್ಬ ಹೇಳಿದ್ದು ಹನ್ನೆರಡು ಲಕ್ಷ.

ವಿದ್ಯಾರ್ಥಿವೇತನದ ಅರ್ಜಿ ಅದರ ಮುಂದೆ ಹಗುರವೆನಿಸಿತು. ಪಿಯುಸಿಯಲ್ಲಿ ಶೇ. 60 ಎಂಬುದು ಒಳಗೆ ಕಾಲಿಡುವ ಮಿತಿಯಷ್ಟೇ. ವರ್ಷಕ್ಕೆ ದೇಶಕ್ಕೆಲ್ಲ ಇರುವುದು 5,500, ಅದರಲ್ಲಿ ಅರ್ಧ ಹುಡುಗಿಯರಿಗೆ. ಮೇಲಿನ ವರ್ಗಗಳವರು ಮುಗಿದ ಮೇಲೆ ನಮ್ಮ ಸರದಿ. ಅವಳಿಗೆ ಶೇ. 91ರ ಸುಮಾರು ಇದ್ದದ್ದರಿಂದ ನಾನು ಹೆದರಲಿಲ್ಲ. ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡದೆ ಮೂಲವನ್ನೇ ಸ್ಕ್ಯಾನ್ ಮಾಡಿದೆ, ಖಾತೆಯನ್ನು ಅವಳೊಬ್ಬಳ ಹೆಸರಿನಲ್ಲಿ ತೆರೆದು ಆಧಾರ್ ಜೋಡಿಸಿದೆ. ಪಕ್ಕದ ಊರಿನ ಗೆಳೆಯನ ಮಗನ ಅರ್ಜಿಯನ್ನು ಪ್ರಯೋಗವೆಂಬಂತೆ ಅದೇ ದಿನ, ಅದೇ ಕ್ರಮದಲ್ಲಿ ಸಲ್ಲಿಸಿದೆ. ಅವನು ಆರಿಸಿಕೊಂಡದ್ದು ಬರಿಯ ಬಿ.ಎಸ್‌ಸಿ., ಅದು ವೃತ್ತಿಪರ ಕೋರ್ಸುಗಳ ಪಟ್ಟಿಯಲ್ಲಿಲ್ಲ, ತಿರಸ್ಕೃತವಾಯಿತು. ಕೃಷಿ ಬಿ.ಎಸ್‌ಸಿ. ಆಗಿದ್ದರೆ ನಿಲ್ಲುತ್ತಿತ್ತು.

ನವೀಕರಣದಲ್ಲಿ ಒಮ್ಮೆ ಮಾತ್ರ ಬೆವರಿದೆ. ಪ್ರತಿ ವರ್ಷ ಶೇ. 50 ಬೇಕು, ಆದರೆ ಅಂಕಪಟ್ಟಿಯಲ್ಲಿರುವುದು ಗ್ರೇಡ್ ಪಾಯಿಂಟು. ಅದನ್ನು ಶೇಕಡಾವಾರಿಗೆ ಪರಿವರ್ತಿಸಿ ಮೊಹರು ಹಾಕಿಕೊಡಲು ಕಾಲೇಜಿನ ಕಚೇರಿ ಮೂರು ವಾರ ಅಲೆಸಿತು. ಎರಡನೆಯ ವರ್ಷದಿಂದ ಫಲಿತಾಂಶ ಬಂದ ದಿನವೇ ಒಕ್ಕಣೆಯನ್ನು ನಾನೇ ಟೈಪು ಮಾಡಿ ಸಹಿಗೆ ಮಾತ್ರ ಒಯ್ಯತೊಡಗಿದೆ.

ಲೆಕ್ಕ ಇಷ್ಟು: ಅಫಿಡವಿಟ್ಟು, ಜಾಹೀರಾತು, ಸ್ಪೀಡ್ ಪೋಸ್ಟು, ಬೆಂಗಳೂರಿಗೆ ಐದಾರು ಸಲದ ಬಸ್ಸು ಸೇರಿ ನನ್ನ ಕೈಯಿಂದ ಹೋದದ್ದು ಸುಮಾರು 14,000, ವರ್ಷಕ್ಕೆ 36,000ದಂತೆ ಬಂದದ್ದು 1,44,000. ಎಲ್ಲವನ್ನೂ ಮಾಡಿಕೊಡುತ್ತೇನೆಂದು 25,000 ಕೇಳಿದ್ದ ಏಜೆಂಟ್ ಕಳೆದ ತಿಂಗಳು ಮನೆಗೆ ಬಂದು, ಪಾರ್ಟ್ ಟು ಆರ್ಡರಿನ ತಿದ್ದುಪಡಿ ಅರ್ಜಿಯ ನನ್ನ ಪ್ರತಿಯನ್ನು ಒಮ್ಮೆ ನೋಡಲು ಕೊಡುತ್ತೀರಾ ಎಂದು ಕೇಳಿದ. ಕಾಫಿ ಕೊಟ್ಟು ಕಳಿಸಿದೆ.