ಎರಡು ವೋಲ್ಟ್‌ಗೆ ಸರಿಮಾಡಿ, ಆಮೇಲೆ ಹೋಲಿಸಿ

"ಎನ್‌ಎಡಿ 3020 ಎಲ್ಲಿ, ನಿನ್ನ ಸೋನೋಡೈನ್ ಎಲ್ಲಿ ಮಾರಾಯ!" ಎರಡೂ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್‌ಗಳು, ನಮ್ಮ ಬಾಯಲ್ಲಿ ಆಂಪ್. ಈ ಮಾತನ್ನು ಮೂರು ವರ್ಷ ಕೇಳಿಸಿಕೊಂಡಿದ್ದೇನೆ. ಹೀಗೆ ಹೇಳುತ್ತಿದ್ದ ಗೆಳೆಯನೇ ಹೋದ ತಿಂಗಳು ನಮ್ಮ ಹಾಲ್‌ನಲ್ಲಿ ಕೂತು, ಎರಡರಲ್ಲಿ ಯಾವುದು ಓಡುತ್ತಿದೆ ಅಂತ ಬರೀ ಕೇಳಿ 16 ಸಲಕ್ಕೆ 9 ಸಲ ಮಾತ್ರ ಸರಿ ಹೇಳಿದ. ಸುಮ್ನೆ ಊಹಿಸಿದರೂ ಎಂಟು ಸರಿ ಬರುತ್ತದೆ, ಅಲ್ವಾ?

ನನ್ನ ಹತ್ತಿರ ಇದ್ದದ್ದು ಮೂರು ಆಂಪ್. ಎನ್‌ಎಡಿ 3020ಕ್ಕೆ ಸುಮಾರು 12 ಸಾವಿರ ಕೊಟ್ಟಿದ್ದೆ. ರೋಟೆಲ್ ಆರ್‌ಎ-820 ಒಂಬತ್ತು ಸಾವಿರ ಇರಬೇಕು. ಸೋನೋಡೈನ್ ಮಾತ್ರ ಭಾನುವಾರದ ಸಂತೆಯಲ್ಲಿ 2,800ಕ್ಕೆ ಸಿಕ್ಕಿತು. ಮೂರಕ್ಕೂ ವಯಸ್ಸಾಗಿದೆ, ಹಾಗಾಗಿ ಮೊದಲು ಕಂಡೆನ್ಸರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಎಲ್ಲ ಬದಲಾಯಿಸಿದೆ. ಅದಕ್ಕೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಒಣಗಿದ ಕಂಡೆನ್ಸರ್ ಇಟ್ಟುಕೊಂಡು ಹೋಲಿಸಿದರೆ ನೀವು ಆಂಪ್ ಕೇಳುತ್ತಿಲ್ಲ, ಅದರ ಮುಪ್ಪು ಕೇಳುತ್ತಿದ್ದೀರಿ.

ಎನ್‌ಎಡಿಯಲ್ಲಿ ಬಯಾಸ್, ಅಂದರೆ ಹಾಡು ಇಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಸಣ್ಣ ಕರೆಂಟ್, ನೋಡುವಾಗ ಮೀಟರ್ ಪ್ರೋಬ್ ಜಾರಿ ಒಂದು ಚಾನಲ್ ಸುಟ್ಟೆ. ಒಂದು ಅಂಗಡಿಯಿಂದ ನಾಲ್ಕು 2ಎನ್3055 ಪವರ್ ಟ್ರಾನ್ಸಿಸ್ಟರ್ ತಂದೆ, ಒಂದಕ್ಕೆ 40 ರೂಪಾಯಿ. ಒಂದೇ ಸಂಜೆಗೆ ಹೋದವು. ಅನುಮಾನ ಬಂದು ಅದರ ಲೋಹದ ಟೋಪಿಯನ್ನು ಹ್ಯಾಕ್ಸಾದಲ್ಲಿ ಕೊಯ್ದು ನೋಡಿದೆ. ಒಳಗಿನ ಚಿಪ್ ಅಕ್ಕಿ ನುಚ್ಚಿನಷ್ಟಿತ್ತು. ಸುಟ್ಟುಹೋದ ಹಳೆಯದನ್ನೂ ಕೊಯ್ದೆ, ಅದರಲ್ಲಿ ತೊಗರಿಬೇಳೆಯಷ್ಟು ಅಗಲ. ಅಂದರೆ ನಾನು ತಂದದ್ದು ನಕಲಿ. ಈಗ ಕೊಯ್ಯದೆಯೇ ಅಸಲಿ ಯಾವುದು ಅಂತ ಅಂಗಡಿ ಮುಂದೆ ನಿಂತೇ ಹೇಳುತ್ತೇನೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ, ಕಲಿಯಲು ದುಡ್ಡು ಜಾಸ್ತಿ ಆಗಿದೆ.

ಇನ್ನು ಹೋಲಿಕೆ. ಒಂದು ವರ್ಷ ಕಿವಿಯಲ್ಲೇ ವಾಲ್ಯೂಮ್ ಸರಿಮಾಡಿ ಹೋಲಿಸಿದೆ. ಪ್ರತಿ ಸಲ ಎನ್‌ಎಡಿಯೇ ಗೆದ್ದಿತು. ಕಾರಣ ಆಮೇಲೆ ತಿಳಿಯಿತು: ನನಗೇ ಗೊತ್ತಿಲ್ಲದೆ ಅದನ್ನು ಒಂದು ಕೂದಲೆಳೆ ಜಾಸ್ತಿ ಇಡುತ್ತಿದ್ದೆ. ಸ್ವಲ್ಪ ಜೋರಾಗಿದ್ದದ್ದು ಕಿವಿಗೆ ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ.

ಸರಿ, ಆಂಪ್ ಸ್ಪೀಕರ್‌ಗೆ ಕೊಡುವ ವೋಲ್ಟೇಜ್ ಅಳೆದೇ ಸಮ ಮಾಡೋಣ ಅಂತ ಹೊರಟರೆ ನಮ್ಮೆಲ್ಲರ ಮನೆಯಲ್ಲಿರುವ ಹಳದಿ ಮಲ್ಟಿಮೀಟರ್ ಕೈಕೊಟ್ಟಿತು. ಅದರ ಅತಿ ಚಿಕ್ಕ ಎಸಿ ರೇಂಜೇ 200 ವೋಲ್ಟ್, ಚುಕ್ಕಿ ಆದ ಮೇಲೆ ಒಂದೇ ಅಂಕಿ. 2 ವೋಲ್ಟ್ ಅಳೆಯುವಾಗ ಆ ಕೊನೆಯ ಅಂಕಿ ಒಂದು ಹೆಚ್ಚುಕಡಿಮೆ ಆದರೆ ಶೇ. 5 ವ್ಯತ್ಯಾಸ, ಸದ್ದಿನ ಲೆಕ್ಕದಲ್ಲಿ ಸುಮಾರು 0.4 ಡೆಸಿಬೆಲ್. ಮೋಸ ಹೋಗಲು ಅಷ್ಟು ಸಾಕು. 2,600 ಕೊಟ್ಟು ಮಿಲಿವೋಲ್ಟ್ ತೋರಿಸುವ ಮೀಟರ್ ತಂದೆ. ಈ ಇಡೀ ಕೆಲಸದಲ್ಲಿ ನಾನು ಖರ್ಚು ಮಾಡಿದ ಒಳ್ಳೆಯ ದುಡ್ಡು ಅದೇ.

ಈಗ ಸ್ಪೀಕರ್ ಜೋಡಿಸಿಯೇ 400 ಹರ್ಟ್ಸ್ ಟೋನ್ ಬಿಡುತ್ತೇನೆ. ಟರ್ಮಿನಲ್‌ನಲ್ಲಿ 2 ವೋಲ್ಟ್, ಹೆಚ್ಚುಕಡಿಮೆ 20 ಮಿಲಿವೋಲ್ಟ್ ಒಳಗೆ. ಎಡ ಬಲ ಎರಡನ್ನೂ ನೋಡಿ, ಹಳೆ ವಾಲ್ಯೂಮ್ ಕಂಟ್ರೋಲ್ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಆಮೇಲೆ ರಿಲೇ ಡಬ್ಬಿ, ಸ್ವಿಚ್ ಒತ್ತಿದರೆ ಸ್ಪೀಕರನ್ನು ಒಂದು ಆಂಪ್‌ನಿಂದ ಇನ್ನೊಂದಕ್ಕೆ ಬದಲಿಸುವುದು. ಮಗಳು ಪಕ್ಕದ ಕೋಣೆಯಲ್ಲಿ ಟಾಸ್ ಹಾಕಿ ಸ್ವಿಚ್ ಒತ್ತಿ, ಪಟ್ಟಿ ಬರೆದುಕೊಳ್ಳುತ್ತಾಳೆ. ಯಾವ ಆಂಪ್‌ಗೆ ಹೋದರೂ ಒಂದೇ ಥರ ಟಿಕ್ ಅನ್ನುವ ಹಾಗೆ ಮಾಡಲು ಮೂರು ವಾರ ಹಿಡಿಯಿತು. ಅದರ ಸರ್ಕ್ಯೂಟ್ ಸದ್ಯಕ್ಕೆ ಕೇಳಬೇಡಿ.

ಒಂದು ಎಚ್ಚರಿಕೆ: ರಿಲೇಯಲ್ಲಿ ಪ್ಲಸ್, ಮೈನಸ್ ಎರಡನ್ನೂ ಬದಲಿಸಿ. ನಡುವೆ ಆಸೆಯಾಗಿ ಈಗಿನ ಕ್ಲಾಸ್ ಡಿ ಆಂಪ್ ಬೋರ್ಡನ್ನೂ ಸೇರಿಸಿದ್ದೆ. ಅದು ಬ್ರಿಡ್ಜ್ ಔಟ್‌ಪುಟ್, ಅಂದರೆ ಸ್ಪೀಕರ್‌ನ ಎರಡೂ ತಂತಿಯಲ್ಲಿ ಸಿಗ್ನಲ್ ಇರುತ್ತದೆ, ಮೈನಸ್ ಗ್ರೌಂಡ್ ಅಲ್ಲ. ನಾನು ಎಲ್ಲ ಮೈನಸ್ ಒಟ್ಟಿಗೆ ಕಟ್ಟಿದ್ದೆ. 900 ರೂಪಾಯಿ ಬೋರ್ಡ್ ಎರಡೇ ನಿಮಿಷದಲ್ಲಿ ಸತ್ತಿತು.

ಹಾಗಂತ ಮೂರೂ ಒಂದೇ ಅಂತ ನಾನು ಹೇಳುವುದಿಲ್ಲ. ಜೋರಾಗಿ ಹಾಕಿದಾಗ ಎನ್‌ಎಡಿ ಬೇರೆಯೇ. 20 ವ್ಯಾಟ್ ಅಂತ ಬರೆದಿದ್ದರೂ 30ರ ಮೇಲೆ ಕೊಡುತ್ತದೆ. ಹಿಂದಿರುವ ಸಾಫ್ಟ್ ಕ್ಲಿಪಿಂಗ್ ಸ್ವಿಚ್ ಹಾಕಿದರೆ ಮೃದಂಗದ ಬಲವಾದ ಪೆಟ್ಟು ಕೂಡ ಒಡೆಯದೆ ದುಂಡಗೆ ಬರುತ್ತದೆ. 1978ರಲ್ಲಿ ಅಷ್ಟು ಕಡಿಮೆ ಬೆಲೆಯಲ್ಲಿ ಇದನ್ನು ಕೊಟ್ಟರಲ್ಲ, ಅದಕ್ಕೇ ಅದು ಮನೆಮಾತಾಯಿತು. ಆದರೆ ನಮ್ಮ ಹಾಲ್ 12 ಅಡಿಗೆ 14. ರಾತ್ರಿ ಊಟ ಆದ ಮೇಲೆ ಭಾವಗೀತೆ ಕೇಳಲು ಅರ್ಧ ವ್ಯಾಟ್ ಕೂಡ ಬೇಕಾಗುವುದಿಲ್ಲ.

ರೋಟೆಲ್ ಮಾರಿದೆ, 10,500 ಬಂತು. ಎನ್‌ಎಡಿ ಕಪಾಟಿನಲ್ಲಿದೆ. ಹಾಲ್‌ನಲ್ಲಿ ಓಡುತ್ತಿರುವುದು ಸೋನೋಡೈನ್. ಆ ಗೆಳೆಯ ಮುಂದಿನ ಭಾನುವಾರ ತನ್ನ ಆಂಪ್ ತರುತ್ತಾನಂತೆ, ಡಬ್ಬಿಗೆ ಹಾಕಿ ನೋಡಲು.