ನಮ್ಮ ಆಟದ ಪುಸ್ತಕಕ್ಕೆ 40 ಡಾಲರ್ ಬೆಲೆ ಗೊತ್ತಾದದ್ದು ಹೀಗೆ

ಅಮೆರಿಕದಿಂದ ಕಿಕ್‌ಸ್ಟಾರ್ಟರ್ (ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಜಾಲತಾಣ) ಮೂಲಕ ಹೊರತರಲಿದ್ದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ (ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ) ಆಟದ ಪುಸ್ತಕಕ್ಕೆ ಎಷ್ಟು ಬೆಲೆ ಇಡಬೇಕೆಂಬ ಗೊಂದಲವು, ಉಳಿದವರ ದರ ನೋಡುವುದನ್ನು ಬಿಟ್ಟು ಒಂದು ಪ್ರತಿಯಿಂದ ನಮ್ಮ ಕೈಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿದ ಮೇಲೆ ಬಗೆಹರಿಯಿತು. ಗುರಿಯಿಟ್ಟ ಹಣ ಕೂಡಿಬಂದರೆ ತಾಣವು ಶೇ. 5ರಷ್ಟನ್ನೂ, ಪಾವತಿ ಶುಲ್ಕವಾಗಿ ಶೇ. 3ರ ಜೊತೆಗೆ ಹಣ ಕೊಡುವ ಪ್ರತಿ ಬೆಂಬಲಿಗನ ಲೆಕ್ಕದಲ್ಲಿ 20 ಸೆಂಟ್‌ಗಳನ್ನೂ ಮುರಿದುಕೊಳ್ಳುವುದರಿಂದ, 40 ಡಾಲರಿನಲ್ಲಿ 3.40 ಡಾಲರ್ ಮೊದಲೇ ಹೋಗುತ್ತದೆ. ಗಟ್ಟಿ ರಟ್ಟಿನ ಪ್ರತಿಯ ಮುದ್ರಣಕ್ಕೆ 12 ಡಾಲರ್ ತೆಗೆದರೆ ಉಳಿಯುವುದು 24.60, ಚಿತ್ರಕಾರರ ಸಂಭಾವನೆ, ಹಾಳಾದ ಪ್ರತಿಗಳ ಬದಲಿ ಎಲ್ಲವೂ ಇದರಲ್ಲೇ ಆಗಬೇಕು. ನಿಜವಾದ ತೊಡಕು ಅಂಚೆವೆಚ್ಚದ್ದು. ಅದನ್ನು ಅಭಿಯಾನದ ಮೊತ್ತದೊಳಗೇ ಸೇರಿಸಿದರೆ ಅದರ ಮೇಲೂ ಶುಲ್ಕ ಬೀಳುತ್ತದೆ (ಇದನ್ನು ಹಲವರು ಗಮನಿಸುವುದೇ ಇಲ್ಲ), ಆದ್ದರಿಂದ ರವಾನೆಯ ಹೊತ್ತಿಗೆ ಆಯಾ ದೇಶದ ದರದಂತೆ ಪ್ರತ್ಯೇಕವಾಗಿ ಪಡೆಯುವುದಾಗಿ ಮೊದಲೇ ತಿಳಿಸಿದೆವು. ಮುದ್ರಣವಿಲ್ಲದ ಪಿಡಿಎಫ್‌ಗೆ 15 ಡಾಲರ್ ಇಟ್ಟೆವು.