ಬಟ್ಟಲಿಗೆ ಒಂದು ಚಿಟಿಕೆ ಮದ್ದು: ಚಕಮಕಿ ಕೋವಿಯ ಜೊತೆ ನನ್ನ ಮೂರು ಚಳಿಗಾಲ

ಮೊದಲ ಜಿಂಕೆ ನನ್ನೆದುರು ನಿಂತದ್ದು ನಲವತ್ತು ಹೆಜ್ಜೆ ದೂರದಲ್ಲಿ. ಪೂರ್ತಿ ಅಡ್ಡಕ್ಕೆ ನಿಂತು, ಹಿಮ ಕೆರೆದು ಓಕ್ ಕಾಯಿ ಹುಡುಕುತ್ತಿತ್ತು. ಟ್ರಿಗರ್ ಎಳೆದೆ. ಕಿಡಿ ಹಾರಿತು, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಬುಸ್ ಅಂತ ಹೊತ್ತಿತು, ಮುಖಕ್ಕೆ ಹೊಗೆ ಬಂತು, ಅಷ್ಟೇ. ಈಡು, ಅಂದರೆ ಒಳಗೆ ತುಂಬಿದ ಮದ್ದು ಗುಂಡು, ನಳಿಗೆಯಲ್ಲೇ ಕೂತಿತ್ತು. ಜಿಂಕೆ ತಲೆಯೆತ್ತಿ ನೋಡಿತು, ಬಾಲ ಎತ್ತಿ ಬಿಳಿ ತೋರಿಸಿ ಹೋಯಿತು. ನಾನು ನಳಿಗೆಯನ್ನು ಅದೇ ದಿಕ್ಕಿಗೆ ಹಿಡಿದು ಒಂದು ನಿಮಿಷ ಪೂರ್ತಿ ಹಾಗೇ ನಿಂತೆ. ಸಿಟ್ಟಿನಿಂದಲ್ಲ, ಒಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು ಅಂತ ಕಲಿಸಿದ್ದರು. ಸಿಟ್ಟು ಆಮೇಲೆ ಬಂತು.

ಇದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಹೊಡೆಯುವುದು ಅಪರಾಧ, ಆ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಇಲ್ಲಿ ತೋಳ, ಪ್ಯೂಮಾ ಎರಡೂ ಯಾವತ್ತೋ ಹೋಗಿಬಿಟ್ಟಿವೆ, ಬಿಳಿಬಾಲದ ಜಿಂಕೆ ಬೇಕಾದಷ್ಟಿವೆ. ಲೈಸೆನ್ಸ್ ತೆಗೆದುಕೊಂಡವರು ಇಷ್ಟು ದಿನ, ಇಷ್ಟು ಪ್ರಾಣಿ ಅನ್ನುವ ಲೆಕ್ಕದಲ್ಲಿ ಹೊಡೆಯಬಹುದು. ಅದರಲ್ಲಿ ಫ್ಲಿಂಟ್‌ಲಾಕ್ ಸೀಸನ್, ಅಂದರೆ ಚಕಮಕಿ ಕೋವಿಯ ಬೇಟೆಯ ಕಾಲ, ಅಂತ ಒಂದಿದೆ. 1974ರಲ್ಲಿ ಶುರುವಾದದ್ದು. ಕ್ರಿಸ್‌ಮಸ್ ಮರುದಿನದಿಂದ ಜನವರಿವರೆಗೆ ನಡೆಯುತ್ತದೆ. ಮಾಮೂಲಿ ರೈಫಲ್‌ನವರೆಲ್ಲ ಮುಗಿಸಿ ಮನೆ ಸೇರಿದ ಮೇಲೆ, ಮೈ ನಡುಗುವ ಚಳಿಯಲ್ಲಿ, ಈಗಾಗಲೇ ಹೆದರಿ ಪೊದೆ ಸೇರಿರುವ ಜಿಂಕೆಗಳ ಹಿಂದೆ ನಾವು ಹೋಗಬೇಕು. ಕೋವಿ 1800ಕ್ಕಿಂತ ಹಿಂದಿನ ಮಾದರಿಯದ್ದಾಗಿರಬೇಕು, ಚಕಮಕಿ ಕಲ್ಲಿನ ಕಿಡಿಯಿಂದಲೇ ಹೊತ್ತಬೇಕು, ನಳಿಗೆಯ ಒಳಗಲ .44 ಕ್ಯಾಲಿಬರ್‌ಗಿಂತ (ಅಂದರೆ .44 ಇಂಚಿಗಿಂತ) ಚಿಕ್ಕದಿರಬಾರದು, ದುರ್ಬೀನು ಇರುವಂತಿಲ್ಲ. ಕಲ್ಲಿನ ಬದಲು ಸಿಡಿಯುವ ಪುಟ್ಟ ಕೇಪಿನಿಂದ ಹೊತ್ತುವ ಕೋವಿ ಕೂಡ ನಡೆಯುವುದಿಲ್ಲ.

ನನ್ನದು .50 ಕ್ಯಾಲಿಬರ್‌ನ ಉದ್ದ ರೈಫಲ್, ಹಳೆಯ ಮಾದರಿ ನೋಡಿ ಈಗ ಮಾಡಿದ್ದು. ಕೆಂಟಕಿ ರೈಫಲ್ ಅಂತ ಹೆಸರು ಪಡೆದ ಈ ಕೋವಿ ನಿಜಕ್ಕೂ ಬೆಳೆದದ್ದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ, ಹದಿನೆಂಟನೇ ಶತಮಾನದಲ್ಲಿ ಅಲ್ಲಿ ನೆಲೆಸಿದ ಜರ್ಮನ್ ಕಸುಬುದಾರರ ಕೈಯಲ್ಲಿ. ನಿಲ್ಲಿಸಿದರೆ ನನ್ನ ಗದ್ದಕ್ಕೆ ಬರುತ್ತದೆ. ಪೊದೆಯಲ್ಲಿ ನಡೆಯುವಾಗ ಎಲ್ಲಾ ಕೊಂಬೆಗೂ ಸಿಕ್ಕಿಕೊಳ್ಳುತ್ತದೆ. ಆದರೂ ಚೆಂದ, ಏನು ಮಾಡುವುದು.

ಕಲಿಸಿದ್ದು ಪಕ್ಕದ ಮನೆಯ ಅಜ್ಜ. ಮೊದಲ ಬೇಸಿಗೆಯಿಡೀ ಕಾಡಿಗೆ ಹೋಗುವ ಮಾತೇ ಇಲ್ಲ, ಬರೀ ಗುರಿ ಮೈದಾನ. ಈಡು ತುಂಬುವುದು ಹೀಗೆ: ಅಳತೆ ಕೊಳವೆಗೆ ಕರಿಮದ್ದು ಸುರಿದು, ಆ ಕೊಳವೆಯಿಂದ ನಳಿಗೆಗೆ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಲೇಬಾರದು. ಹಿಂದಿನ ಈಡಿನ ಒಂದು ಕೆಂಡ ಒಳಗೆ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಆಮೇಲೆ ಕೊಬ್ಬು ಸವರಿದ ಹತ್ತಿ ಬಟ್ಟೆಯ ತುಂಡು, ಅದರ ಮೇಲೆ ಸೀಸದ ಗುಂಡು. ನನ್ನ ಕೋವಿಗೆ .490 ಇಂಚಿನ ಗುಂಡು, .015 ಇಂಚು ದಪ್ಪದ ಬಟ್ಟೆ. ಗುಂಡು ನಳಿಗೆಗಿಂತ ಸ್ವಲ್ಪ ಚಿಕ್ಕದು, ಬಟ್ಟೆ ಆ ಸಂದು ತುಂಬುತ್ತದೆ, ನಳಿಗೆಯ ಒಳಗಿನ ತಿರುಪು ಗೆರೆಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ಗಜ ಹಾಕಿ ಮದ್ದಿನ ಮೇಲೆ ಕೂರುವವರೆಗೆ ಒತ್ತಬೇಕು. (ಗಜ ಅಂದರೆ ನಮ್ಮ ಮಲೆನಾಡಿನ ಶಿಕಾರಿಯವರು ಹೇಳುವ ಈಡು ಜಡಿಯುವ ಕೋಲು, ದೂರದ ಅಳತೆಯಲ್ಲ. ಗಲಿಬಿಲಿ ಬೇಡ ಅಂತ ದೂರವನ್ನು ಯಾರ್ಡ್ ಅಂತಲೇ ಬರೆಯುತ್ತೇನೆ.) ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಸರಿಯಾಗಿ ತುಂಬಿದಾಗ ಗಜ ಎಲ್ಲಿಯವರೆಗೆ ಹೊರಗಿರುತ್ತದೋ ಅಲ್ಲಿ ಒಂದು ಗೀರು ಹಾಕಿಕೊಂಡಿದ್ದೇನೆ. ಗೀರು ನೋಡದೆ ಒಂದು ಈಡೂ ಹೊಡೆಯುವುದಿಲ್ಲ.

ಈ ಗೀರಿನ ಬೆಲೆ ಗೊತ್ತಾದದ್ದು ಎರಡನೇ ವಾರ. ಯಾರೋ ಮಾತಾಡಿಸಿದರು, ನಾನು ಮಾತಾಡುತ್ತಲೇ ತುಂಬಿದೆ, ಗುಂಡು ಜಡಿದೆ. ಗಜ ಮಾಮೂಲಿಗಿಂತ ಜಾಸ್ತಿ ಒಳಗೆ ಹೋಯಿತು. ಮದ್ದೇ ಹಾಕಿರಲಿಲ್ಲ! ಅಜ್ಜ ನಗಲಿಲ್ಲ. ಬದಿಯ ಸಣ್ಣ ತೂತಿನಿಂದ ಚೂರು ಚೂರೇ ನುಣುಪು ಮದ್ದು ಒಳಗೆ ತೂರಿಸಿ, ಗಜ ಹಾಕಿ ಗುಂಡು ಅದರ ಮೇಲೆ ಕೂತಿದೆಯಾ ಅಂತ ನೋಡಿ, ಮಣ್ಣಿನ ದಿಬ್ಬಕ್ಕೆ ಹೊಡೆಸಿದರು. ಪುಸಕ್ ಅಂತ ಗುಂಡು ಹೋಗಿ ಹದಿನೈದು ಅಡಿ ಆಚೆ ಬಿತ್ತು. "ಎಲ್ಲರಿಗೂ ಆಗುತ್ತೆ, ನಿನಗೆ ಇನ್ನೊಂದು ಸಲವೂ ಆಗುತ್ತೆ" ಅಂದರು. ಆಯಿತು ಕೂಡ.

ಎಷ್ಟು ಮದ್ದು ಅನ್ನುವುದು ಕೋವಿಯನ್ನೇ ಕೇಳಬೇಕು. ತಯಾರಕರು ಹೇಳಿದ ಮಿತಿಯೊಳಗೆ 60 ಗ್ರೇನ್‌ನಿಂದ ಶುರು ಮಾಡಿ ಐದೈದು ಏರಿಸಿದೆ. ನನ್ನದು 75 ಗ್ರೇನ್‌ಗೆ, ಅಂದರೆ ಸುಮಾರು ಐದು ಗ್ರಾಂಗೆ, 50 ಯಾರ್ಡ್‌ನಲ್ಲಿ ಐದು ಗುಂಡನ್ನು ಮೂರು ಬೆರಳಗಲದಲ್ಲಿ ಇಟ್ಟಿತು. 90ಕ್ಕೆ ಏರಿಸಿದರೆ ಹೆಗಲು ನೋವು, ಗುಂಡು ಚೆಲ್ಲಾಪಿಲ್ಲಿ. ಗುರಿ ಪಟ ನೋಡುವಷ್ಟೇ ಮುಖ್ಯ, ಮುಂದೆ ಬಿದ್ದ ಬಟ್ಟೆ ತುಂಡುಗಳನ್ನು ಹೆಕ್ಕಿ ನೋಡುವುದು. ಅಂಚಷ್ಟೇ ಕುಚ್ಚಾಗಿದ್ದು ನಡುವೆ ಗಟ್ಟಿಯಿದ್ದರೆ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಕೊಬ್ಬು ಸಾಲದು. ಇನ್ನೊಂದು ಮಾತು: ಕರಿಮದ್ದಿನ ಬದಲಿಗೆ ಸಿಗುವ ಹೊಸ ಪುಡಿಗಳು ಹೊತ್ತಿಕೊಳ್ಳಲು ಜಾಸ್ತಿ ಬಿಸಿ ಕೇಳುತ್ತವೆ. ಕಲ್ಲಿನ ಕಿಡಿಗೆ ಅವು ಜಗ್ಗುವುದಿಲ್ಲ. ಇನ್ನು ಹೊಗೆಯಿಲ್ಲದ ಈಗಿನ ಮದ್ದು ಹಾಕಿದರಂತೂ ಕೋವಿಯೇ ಒಡೆಯುತ್ತದೆ, ತಮಾಷೆಗೂ ಬೇಡ.

ಇನ್ನು ಬಟ್ಟಲು. ಇಡೀ ಕಸುಬು ಇರುವುದೇ ಅಲ್ಲಿ. ನಳಿಗೆಯ ಬಲಬದಿಯಲ್ಲಿ ಒಂದು ಸಣ್ಣ ತೂತು, ಅದರ ಹೊರಗೆ ಉಗುರಗಲದ ಬಟ್ಟಲು, ಬಟ್ಟಲಿನ ಮೇಲೆ ಉಕ್ಕಿನ ಮುಚ್ಚಳ. ಕುದುರೆ ಅಂದರೆ ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಸುತ್ತಿಗೆ, ಅದರ ಬಾಯಲ್ಲಿ ಚರ್ಮ ಸುತ್ತಿದ ಕಲ್ಲು. ಟ್ರಿಗರ್ ಎಳೆದರೆ ಕಲ್ಲು ಉಕ್ಕನ್ನು ಕೆರೆದು ಕಿಡಿ ಉದುರಿಸುತ್ತದೆ, ಅದೇ ಏಟಿಗೆ ಮುಚ್ಚಳ ತೆರೆದುಕೊಳ್ಳುತ್ತದೆ. ಕಿಡಿ ಬಟ್ಟಲಿಗೆ ಬಿದ್ದು ಮದ್ದು ಹೊತ್ತಿ, ಆ ಜ್ವಾಲೆ ತೂತಿನ ಮೂಲಕ ಒಳಗೆ ಹಾರಬೇಕು. ಹಾರಬೇಕು ಅನ್ನುವುದು ಮುಖ್ಯ. ನಾನು ಮೊದಮೊದಲು ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡು ಬಟ್ಟಲು ತುಂಬ ಹಾಕುತ್ತಿದ್ದೆ. ಆಗ ತೂತೂ ಮದ್ದಿನಿಂದ ಮುಚ್ಚಿಹೋಗುತ್ತದೆ, ಬತ್ತಿ ಉರಿದ ಹಾಗೆ ಸುರ್‌ರ್ ಅಂತ ಉರಿದು ಆಮೇಲೆ ಢಂ. ಅಷ್ಟರಲ್ಲಿ ಗುರಿ ಎಲ್ಲಿರುತ್ತದೆ ಹೇಳಿ. ಬಟ್ಟಲಿನ ಮೂರನೇ ಒಂದು ಭಾಗ ಸಾಕು, ಒಂದು ಚಿಟಿಕೆ. ಸರಿಯಾಗಿದ್ದರೆ ಎರಡು ಸದ್ದೂ ಒಂದೇ ಅನ್ನಿಸುತ್ತದೆ.

ಮೊದಲ ವರ್ಷದ ಆ ಬುಸ್ ಯಾಕಾಯಿತು ಅಂತ ಹೇಳಬೇಕಲ್ವಾ. ಹಿಂದಿನ ಸಂಜೆ ಬಟ್ಟಲು ಖಾಲಿ ಮಾಡಿ, ನಳಿಗೆಯ ಈಡು ಹಾಗೇ ಬಿಟ್ಟು ಕೋವಿಯನ್ನು ಮನೆಯೊಳಗೆ ತಂದಿದ್ದೆ. ಕೊರೆಯುವ ಕಬ್ಬಿಣ ಬೆಚ್ಚಗಿನ ಕೋಣೆಗೆ ಬಂದರೆ ಕನ್ನಡಕ ಬೆವರುವ ಹಾಗೆ ಬೆವರುತ್ತದೆ. ಒಳಗಿನ ಮದ್ದು ಪಸೆ ಹೀರಿಕೊಂಡಿತು. ಬೆಳಿಗ್ಗೆ ಬಟ್ಟಲಿಗೆ ಒಣ ಮದ್ದು ಹಾಕಿದೆ, ಅದು ಉರಿಯಿತು, ಒಳಗಿನದು ಉರಿಯಲಿಲ್ಲ. ಮಕ್ಕಳಿರುವ ಮನೆಗೆ ಈಡಿರುವ ಕೋವಿ ತಂದದ್ದು ಅದಕ್ಕಿಂತ ದೊಡ್ಡ ದಡ್ಡತನ, ಅದೂ ಇರಲಿ. ಈಗ ಸಂಜೆ ಕಾಡಿನಿಂದ ಹೊರಬಂದ ಕೂಡಲೇ, ಗಾಳಿ ಸಿಲಿಂಡರ್‌ನ ಸಣ್ಣ ಸಾಧನದಿಂದ ಗುಂಡು ಮದ್ದು ಎರಡನ್ನೂ ಹೊರಗೆ ತಳ್ಳಿಬಿಡುತ್ತೇನೆ. ಬೆಳಿಗ್ಗೆ ಹೊಸ ಈಡು. ಐದು ಗ್ರಾಂ ಮದ್ದಿಗೆ ಜಿಪುಣತನ ಯಾಕೆ.

ಎರಡನೇ ವರ್ಷ ಕೋವಿ ಸರಿಯಾಗಿಯೇ ಹೊಡೆಯಿತು, ನಾನು ತಪ್ಪಿದೆ. ಮುಖದ ಪಕ್ಕದಲ್ಲೇ ಬೆಂಕಿ ಏಳುತ್ತದಲ್ಲ, ಅದಕ್ಕೆ ಮೈ ತಾನಾಗಿ ಬೆಚ್ಚುತ್ತದೆ, ಟ್ರಿಗರ್ ಎಳೆದ ತಕ್ಷಣ ತಲೆ ಎತ್ತಿಬಿಡುತ್ತಿದ್ದೆ. ಗುಂಡು ಜಿಂಕೆಯ ಬೆನ್ನ ಮೇಲಿಂದ ಹೋಗಿ ಮರಕ್ಕೆ ಬಡಿಯಿತು. ಹಿಮದಲ್ಲಿ ಅರ್ಧ ಗಂಟೆ ಹುಡುಕಿದೆ. ರಕ್ತವಿಲ್ಲ, ಒಂದು ಕೂದಲೂ ಇಲ್ಲ, ಗಾಯವಾಗಿಲ್ಲ ಅನ್ನುವುದೇ ಸಮಾಧಾನ. ಇದಕ್ಕೆ ಪರಿಹಾರ ಅಜ್ಜನ ಹತ್ತಿರ ಇತ್ತು: ಕಲ್ಲು ತೆಗೆದು ಅದೇ ಅಳತೆಯ ಮರದ ತುಂಡು ಸಿಕ್ಕಿಸಿ, ಈಡಿಲ್ಲದ ಕೋವಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಗೋಡೆಯ ಮೇಲಿನ ಚುಕ್ಕಿಗೆ ಹೊಡೆಯುವುದು. ಕುದುರೆ ಬಿದ್ದ ಮೇಲೂ ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಗುರಿಕಾಯಿ ಆ ಚುಕ್ಕಿಯ ಮೇಲೇ ಇರಬೇಕು. ಎಂಟು ತಿಂಗಳು ಮಾಡಿದೆ. ಹೆಂಡತಿ ಮೊದಲು ಬೈದಳು, ಆಮೇಲೆ ಎಣಿಸತೊಡಗಿದಳು.

ಮೂರನೇ ವರ್ಷ ಜನವರಿ ಮೊದಲ ವಾರ. ರಾತ್ರಿ ನಾಲ್ಕು ಇಂಚು ಹೊಸ ಹಿಮ ಬಿದ್ದಿತ್ತು. ಸರ್ಕಾರಿ ಬೇಟೆ ಭೂಮಿ, ಗೇಮ್ ಲ್ಯಾಂಡ್ಸ್ ಅನ್ನುತ್ತಾರೆ, ರಾಜ್ಯದಲ್ಲಿ ಹೀಗೆ ಸುಮಾರು 15 ಲಕ್ಷ ಎಕರೆ ಇದೆ. ಇಲ್ಲಿ ಈ ಸೀಸನ್‌ನಲ್ಲಿ ಹತ್ತು ಜನ ಸೇರಿ ಸೋವು ನಡೆಸುವುದೇ, ಅಂದರೆ ಜಿಂಕೆಯನ್ನು ಎಬ್ಬಿಸಿ ಕೋವಿಯವರ ಕಡೆ ಓಡಿಸುವುದೇ ಹೆಚ್ಚು. ನನಗೆ ಅದು ಹಿಡಿಸುವುದಿಲ್ಲ. ಓಡುವ ಜಿಂಕೆಗೆ ಚಕಮಕಿ ಕೋವಿ ಎತ್ತುವುದು ಅಂದರೆ ಅದನ್ನು ಗಾಯ ಮಾಡಿ ಕಳೆದುಕೊಳ್ಳುವ ದಾರಿ. ಮರಸು ಕೂತರೆ, ಅಂದರೆ ಒಂದೇ ಕಡೆ ಅಡಗಿ ಕಾದರೆ, ನಾನು ಒಂದು ಗಂಟೆಯಲ್ಲಿ ಹೆಪ್ಪುಗಟ್ಟುತ್ತೇನೆ. ಹಾಗಾಗಿ ಗಾಳಿಗೆ ಎದುರಾಗಿ ಹತ್ತು ಹೆಜ್ಜೆ, ಎರಡು ನಿಮಿಷ ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಕುದುರೆ ಅರ್ಧಕ್ಕೆ ಎಳೆದು ನಿಲ್ಲಿಸಿ, ಬೀಗದ (ಕುದುರೆ, ಬಟ್ಟಲು ಇರುವ ಭಾಗದ) ಮೇಲೆ ಕೊಬ್ಬು ತಿಕ್ಕಿದ ಚರ್ಮದ ಹೊದಿಕೆ. ಹಿಮ ಉದುರುತ್ತಿದ್ದರೆ ಗಂಟೆಗೊಮ್ಮೆ ಬಟ್ಟಲಿನ ಮದ್ದು ಊದಿ ತೆಗೆದು, ಒರೆಸಿ, ತೂತಿಗೆ ಸೂಜಿ ಆಡಿಸಿ, ಹೊಸ ಚಿಟಿಕೆ.

ಹನ್ನೊಂದು ಗಂಟೆಗೆ ಮೌಂಟನ್ ಲಾರೆಲ್ ಪೊದೆಯ ಅಂಚಿನಲ್ಲಿ ಒಂದು ಅಡ್ಡ ಗೆರೆ ಕಂಡಿತು. ಕಾಡಿನಲ್ಲಿ ಮರಗಳೆಲ್ಲ ಉದ್ದಕ್ಕೆ, ಅಡ್ಡಕ್ಕೆ ಕಂಡದ್ದು ಬಿದ್ದ ಮರ ಇಲ್ಲವೇ ಜಿಂಕೆಯ ಬೆನ್ನು. ಇದು ಕಿವಿ ಆಡಿಸಿತು. ಹೆಣ್ಣು, ಒಂಟಿ, ಐವತ್ತು ಯಾರ್ಡ್ ಇರಬಹುದು. ಮುಂದೆ ಕಡ್ಡಿಗಳ ಜಾಲ. ಹೊಡೆಯಲಿಲ್ಲ. ಕಾದೆ. ಎಡಗಾಲಿನ ಬೆರಳು ಮರಗಟ್ಟಿತು, ಕೋವಿಯ ಭಾರಕ್ಕೆ ತೋಳು ನಡುಗಿತು, ಕೊನೆಗೆ ಅದು ನಾಲ್ಕು ಹೆಜ್ಜೆ ಮುಂದೆ ಬಂದು ಬಯಲಿನಲ್ಲಿ ಅಡ್ಡಕ್ಕೆ ನಿಂತಿತು. ಟ್ರಿಗರ್ ಸ್ವಲ್ಪ ಒತ್ತಿ ಹಿಡಿದೇ ಕುದುರೆ ಹಿಂದಕ್ಕೆಳೆದೆ, ಕಟಕ್ ಅನ್ನುವ ಸದ್ದು ಬಾರದ ಹಾಗೆ. ಮುಂಗಾಲಿನ ಹಿಂದೆ, ಎದೆಗೂಡಿನ ಕೆಳಗಿನ ಮೂರನೇ ಭಾಗಕ್ಕೆ ಗುರಿ. ಗೋಡೆಯ ಚುಕ್ಕಿ ನೆನಪಾಯಿತು.

ಆಮೇಲೆ ಬರೀ ಹೊಗೆ. ಗಾಳಿ ಎದುರಿನಿಂದ ಬೀಸುತ್ತಿದ್ದರಿಂದ ಹೊಗೆಯೆಲ್ಲ ನನ್ನ ಮೇಲೇ. ಬಗ್ಗಿ ಕೆಳಗಿನಿಂದ ನೋಡಿದೆ, ಏನೂ ಕಾಣಲಿಲ್ಲ. ಕಿವಿಗೆ ಮಾತ್ರ ಓಡಿದ ಸದ್ದು, ಒಂದು ಕೊಂಬೆ ಮುರಿದ ಸದ್ದು, ನಿಶ್ಶಬ್ದ. ಓಡಿಹೋಗಿ ನೋಡಬೇಕು ಅನ್ನಿಸುತ್ತದೆ, ಹೋಗಬಾರದು. ನಿಂತಲ್ಲೇ ಮತ್ತೆ ಈಡು ತುಂಬಿದೆ, ಕೈ ನಡುಗುತ್ತಿದ್ದರಿಂದ ಎರಡು ನಿಮಿಷ ಹಿಡಿಯಿತು, ಗೀರು ನೋಡಿದೆ. ಅದು ನಿಂತಿದ್ದ ಜಾಗದ ಹಿಂದಿನ ಬಿಳಿ ಬರ್ಚ್ ಮರವನ್ನು ಗುರುತಿಟ್ಟುಕೊಂಡು ಅರ್ಧ ಗಂಟೆ ಕಾದೆ.

ಅಲ್ಲಿ ಕತ್ತರಿಸಿದ ಹಾಗೆ ಒಂದಿಷ್ಟು ಕೂದಲು ಇತ್ತು, ರಕ್ತ ಎರಡೇ ಹನಿ. ದುಂಡನೆ ಸೀಸದ ಗುಂಡು ಎಷ್ಟೋ ಸಲ ಆಚೆ ಬದಿ ತೂರಿ ಹೋಗುವುದಿಲ್ಲ, ಹಾಗಾಗಿ ರಕ್ತದ ಜಾಡು ತೆಳು. ಹಿಮವಿಲ್ಲದಿದ್ದರೆ ನಾನು ಕಳೆದುಕೊಳ್ಳುತ್ತಿದ್ದೆನೋ ಏನೋ. ಹೆಜ್ಜೆ ಹಿಡಿದು ಹೋದೆ. ಇಪ್ಪತ್ತು ಹೆಜ್ಜೆ ಆದ ಮೇಲೆ ನೊರೆ ಬೆರೆತ ತಿಳಿಗೆಂಪು, ಅಂದರೆ ಶ್ವಾಸಕೋಶ. ಎಂಬತ್ತು ಹೆಜ್ಜೆಯಾಚೆ ಹೆಮ್ಲಾಕ್ ಮರದ ಕೆಳಗೆ ಬಿದ್ದಿತ್ತು. ಕಡ್ಡಿಯಿಂದ ಕಣ್ಣು ಮುಟ್ಟಿದೆ, ರೆಪ್ಪೆ ಆಡಲಿಲ್ಲ. ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಹೊತ್ತಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಮೊದಲ ಕೆಲಸ ಬಟ್ಟಲು ಖಾಲಿ ಮಾಡುವುದು. ಎರಡನೆಯದು ಟ್ಯಾಗ್, ಅಂದರೆ ಬೇಟೆಯ ವಿವರದ ಚೀಟಿ, ತುಂಬಿ ಜಿಂಕೆಯ ಕಿವಿಗೆ ಕಟ್ಟುವುದು, ಕಟ್ಟದೆ ಪ್ರಾಣಿಯನ್ನು ಅಲುಗಿಸುವಂತಿಲ್ಲ. ಹತ್ತು ದಿನದೊಳಗೆ ಇಲಾಖೆಗೆ ವರದಿಯನ್ನೂ ಕೊಡಬೇಕು. ಅಲ್ಲೇ ಹೊಟ್ಟೆ ಸೀಳಿ ಕರುಳು ತೆಗೆದು, ಕಾಲಿಗೆ ಹಗ್ಗ ಕಟ್ಟಿ ಎಳೆದುಕೊಂಡು ರಸ್ತೆಗೆ ಬರುವಷ್ಟರಲ್ಲಿ ಮೂರೂವರೆ ಗಂಟೆ. ಗುಂಡು ಸಿಕ್ಕಿದ್ದು ಮರುದಿನ ಹಸಿಗೆ ಮಾಡುವಾಗ, ಅಂದರೆ ಮಾಂಸ ಕಡಿದು ಪಾಲು ಮಾಡುವಾಗ, ಆಚೆ ಬದಿಯ ಚರ್ಮದ ಕೆಳಗೆ, ನಾಣ್ಯದ ಹಾಗೆ ಚಪ್ಪಟೆಯಾಗಿ. ಹಸಿಗೆಯಲ್ಲಿ ಅಜ್ಜನಿಗೆ ಒಂದು ತೊಡೆ ಹೋಯಿತು.

ಆದರೆ ಆ ರಾತ್ರಿ ಜಿಂಕೆಗಿಂತ ಮೊದಲು ಕೋವಿ. ಕರಿಮದ್ದಿನ ಮಸಿ ಗಾಳಿಯ ಪಸೆ ಎಳೆದುಕೊಳ್ಳುತ್ತದೆ, ಒಂದು ರಾತ್ರಿ ಬಿಟ್ಟರೂ ನಳಿಗೆ ತುಕ್ಕು. ಮೈ ಕೈ ನೋಯುತ್ತಿತ್ತು, ಆದರೂ ಗುಂಡು ತಳ್ಳುವ ಸಾಧನದಿಂದ ಎರಡನೇ ಈಡು ಕಾಡಿನ ಅಂಚಿನಲ್ಲೇ ತೆಗೆದಿದ್ದೇನೆ ಅನ್ನುವುದನ್ನು ಗಜ ಇಳಿಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡೆ. ಬೀಗ ಬಿಚ್ಚಿ, ತೂತಿಗೆ ಕಡ್ಡಿ ತುರುಕಿ, ಬಿಸಿ ಸೋಪಿನ ನೀರು ಹೊಯ್ದೆ. ನೀರು ಮೊದಲು ಕರ್ರಗೆ, ಆಮೇಲೆ ಬೂದು, ಐದನೇ ಸಲಕ್ಕೆ ತಿಳಿ. ಬಟ್ಟೆ ಸುತ್ತಿ ಒಣಗಿಸಿ ಎಣ್ಣೆ ಸವರಿದೆ. ಬಚ್ಚಲಿನಲ್ಲಿ ಗಂಧಕದ ವಾಸನೆ, ಕೊಳೆತ ಮೊಟ್ಟೆಯದ್ದೇ ವಾಸನೆ, ಎರಡು ದಿನ ಇತ್ತು. ಹೆಂಡತಿ ಬಾಗಿಲ ಹೊರಗಿನಿಂದಲೇ ಮೂಗು ಮುಚ್ಚಿಕೊಂಡು, "ಈ ಸಲ ಹೊತ್ತಿಕೊಂಡಿತಾ?" ಅಂತ ಕೇಳಿದಳು.